ನಿಂತ ಸಂತೆ, ಕಟ್ಟಿದ ಮನೆ

ಕಳೆದ ತಿಂಗಳ ನಮ್ಮ ಓದಿನ ಕೂಟ ಸೂಕ್ ವಾಕಿಫ್‌ನಲ್ಲಿ ನಡೆಯಿತು. ನಡೆಯಿತು ಎನ್ನುವುದು ಸ್ವಲ್ಪ ದೊಡ್ಡ ಮಾತು. ಓದಿದ್ದು ಎರಡೇ ಪುಟ. ಪ್ರತಿ ತಿಂಗಳು ಯಾರ ಮನೆಯಲ್ಲಿ ಸೇರುತ್ತಿದ್ದೆವೋ ಆ ಮನೆಯವರು ಊರಿಗೆ ಹೊರಟಿದ್ದಾರೆ. ಸೋಫಾ ಹೋಯಿತು, ಫ್ರಿಜ್ಜು ಹೋಯಿತು, ಕುಳಿತುಕೊಳ್ಳಲು ಉಳಿದದ್ದು ಹನ್ನೊಂದು ರಟ್ಟಿನ ಪೆಟ್ಟಿಗೆಗಳು ಮಾತ್ರ. ಆ ಹನ್ನೊಂದರಲ್ಲಿ ಆರು ನಮ್ಮ ಬಳಗದವು. ಐದರಲ್ಲಿ ಪುಸ್ತಕಗಳು, ಅವುಗಳ ಸಂದಿಯಲ್ಲಿ ಹಳೆಯ ನಾಟಕಗಳ ಕೈಬರಹದ ಪ್ರತಿಗಳು ಮತ್ತು ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗಳು. ಆರನೆಯದರಲ್ಲಿ ಈಗ ಯಾವ ಯಂತ್ರದಲ್ಲೂ ಓಡದ ವಿಡಿಯೋ ಕ್ಯಾಸೆಟ್ಟುಗಳು. ಇಷ್ಟು ವರ್ಷ ಇವೆಲ್ಲ ಅವರ ಮಲಗುವ ಕೋಣೆಯ ಮಂಚದ ಕೆಳಗಿದ್ದವು. ಇನ್ನು ಯಾರ ಮಂಚದ ಕೆಳಗೆ ಎನ್ನುವುದೇ ಆ ಸಂಜೆಯ ಚರ್ಚೆಯ ವಿಷಯವಾಗಿ, ಓದು ಹಿಂದೆ ಬಿತ್ತು.

ಚರ್ಚೆ ಬಿಸಿಯಾದಾಗ ನಾವು ಎದ್ದು ಗಿಡುಗದ ಸಂತೆಯ ಕಡೆ ನಡೆದೆವು. ದೋಹಾದವರಿಗೆ ಹೇಳಬೇಕಾಗಿಲ್ಲ, ದೂರದ ಓದುಗರಿಗಾಗಿ ಹೇಳುತ್ತೇವೆ. ಸೂಕ್ ವಾಕಿಫ್‌ನ ಒಂದು ಬದಿಯಲ್ಲಿ ಬೇಟೆಯ ಗಿಡುಗಗಳನ್ನು ಮಾರುವ ಅಂಗಡಿಗಳ ಸಾಲೇ ಇದೆ. ಕಣ್ಣಿಗೆ ತೊಗಲಿನ ಕುಲಾವಿ ಹಾಕಿಸಿಕೊಂಡು, ಮರಳಿನ ಮೇಲೆ ನೆಟ್ಟ ಗೂಟಗಳ ಮೇಲೆ ಅವು ಮದುಮಕ್ಕಳಂತೆ ಕುಳಿತಿರುತ್ತವೆ. ಪಕ್ಕದಲ್ಲಿ ಅವಕ್ಕೆಂದೇ ಒಂದು ಆಸ್ಪತ್ರೆಯೂ ಉಂಟು. "ಇಲ್ಲಿ ಗಿಡುಗಕ್ಕೂ ಪಾಸ್‌ಪೋರ್ಟ್ ಉಂಟು ಮಾರಾಯ್ರೆ, ನಮ್ಮ ಪುಸ್ತಕಕ್ಕೆ ಒಂದು ವಿಳಾಸ ಇಲ್ಲ" ಎಂದು ನಮ್ಮ ಕುಂದಾಪುರದ ಗೆಳೆಯರು ಅಂದರು. ಪಾಸ್‌ಪೋರ್ಟಿನ ಮಾತು ಸುಳ್ಳಲ್ಲ. ಬೇಟೆಗೆ ದೇಶದಿಂದ ದೇಶಕ್ಕೆ ಒಯ್ಯುವ ಗಿಡುಗಗಳಿಗೆ ಕೊಲ್ಲಿ ನಾಡುಗಳಲ್ಲಿ ನಿಜವಾಗಿಯೂ ಪಾಸ್‌ಪೋರ್ಟ್ ಕೊಡುತ್ತಾರೆ.

ಗಿಡುಗ ಎಂದಾಗ ನಮಗೆ ನೆನಪಾದದ್ದು ಬೇರೆಯೇ ಒಂದು ಗಿಡುಗ. ಚೆಕ್ ಭಾಷೆಯಲ್ಲಿ ಗಿಡುಗಕ್ಕೆ 'ಸೊಕೊಲ್' ಎನ್ನುತ್ತಾರೆ. (ಅರಬ್ಬಿಯ 'ಸಕ್ರ್' ಎಂಬ ಪದಕ್ಕೂ ಇದಕ್ಕೂ ನಂಟು ಕಲ್ಪಿಸುವವರಿದ್ದಾರೆ, ಆ ಜಗಳ ಭಾಷಾಶಾಸ್ತ್ರಜ್ಞರಿಗಿರಲಿ.) 1862ರಲ್ಲಿ ಪ್ರಾಗ್ ನಗರದಲ್ಲಿ ಮಿರೊಸ್ಲಾವ್ ತಿರ್ಶ್ ಮತ್ತು ಯಿಂದ್ರಿಖ್ ಫ್ಯೂಗ್ನರ್ ಎಂಬಿಬ್ಬರು ಕೂಡಿ ಒಂದು ಗರಡಿಮನೆ ಶುರುಮಾಡಿದರು. ಅದಕ್ಕೆ ಬಂದ ಹೆಸರು ಸೊಕೊಲ್. ಆಗ ಚೆಕ್ಕರ ನಾಡು ಆಸ್ಟ್ರಿಯಾ ಚಕ್ರವರ್ತಿಯ ಕೈಯಲ್ಲಿ. ಕಚೇರಿಯ ಭಾಷೆ, ದೊಡ್ಡವರ ಮನೆಯ ಭಾಷೆ ಜರ್ಮನ್. ಕಸರತ್ತು ಮಾಡಲು ಸೇರಿದವರು ಚೆಕ್ ಭಾಷೆಯಲ್ಲೇ ಎಣಿಸಿದರು, ಚೆಕ್ ಭಾಷೆಯಲ್ಲೇ ಆಜ್ಞೆ ಕೂಗಿದರು, ಸಾಹುಕಾರನೋ ಆಳೋ ಎಂದು ನೋಡದೆ ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಎಂದು ಕರೆದುಕೊಂಡರು. ಗರಡಿಯ ಒಂದು ತುದಿಗೆ ವೇದಿಕೆ ಕಟ್ಟಿದರೆ ಅದೇ ನಾಟಕಶಾಲೆ. ಸಂಜೆ ಕಸರತ್ತು, ಶನಿವಾರ ನಾಟಕ, ಭಾನುವಾರ ಕುಣಿತ. ಅವರ ಊರೂರಿನಲ್ಲಿ ಇಂಥ ಗಿಡುಗದ ಮನೆಗಳು ಎದ್ದವು.

ಅಮೆರಿಕಕ್ಕೆ ಹೋದ ಚೆಕ್ಕರು ಈ ಮನೆಯನ್ನು ಅಲ್ಲಿಗೂ ಒಯ್ದರು. ಆದರೆ ಅಲ್ಲಿ ಅದಕ್ಕಿಂತ ಮೊದಲೇ ಬೇರೆ ತಳಪಾಯ ಬಿದ್ದಿತ್ತು. 1854ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆಲವು ಚೆಕ್ ವಲಸಿಗರು ಸೇರಿ ಒಂದು ಪರಸ್ಪರ ಸಹಾಯ ಸಂಘ ಮಾಡಿಕೊಂಡರು. ಹೆಸರು ಉದ್ದ, ಎಲ್ಲರೂ ಕರೆದದ್ದು ಸಿ.ಎಸ್.ಪಿ.ಎಸ್. ಎಂದೇ. ಅದರ ಕೆಲಸ ಸರಳ: ಸದಸ್ಯನು ಕಾಯಿಲೆ ಬಿದ್ದರೆ ಅವನ ಮನೆಗಿಷ್ಟು, ಸತ್ತರೆ ಹೆಂಡತಿ ಮಕ್ಕಳಿಗಿಷ್ಟು. ಸಂಸ್ಕೃತಿ, ಸಾಹಿತ್ಯ ಎಲ್ಲ ಆಮೇಲಿನ ಮಾತು. ನಾವು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಾಹಿತ್ಯ ಕೂಟಗಳು ತಮ್ಮ ಹುಟ್ಟನ್ನು ಯಾವುದೋ ಕವಿಗೋಷ್ಠಿಗೆ ಒಯ್ದು ಮುಟ್ಟಿಸಲು ಹವಣಿಸುತ್ತವೆ. ಆದರೆ ಚೆಕ್ ಭವನಗಳಿಗೆ ಕಲ್ಲು, ಗಾರೆ ಒದಗಿಸಿದ್ದು ಹೆಣ ಹೂಳುವುದಕ್ಕೆಂದು ತಿಂಗಳು ತಿಂಗಳು ಕೂಡಿಸಿದ ಚಿಲ್ಲರೆ ಕಾಸು. ಸಂಘಕ್ಕೆ ಸಭೆ ಸೇರಲು ಒಂದು ಸೂರು ಬೇಕಿತ್ತು. ಸೂರು ಕಟ್ಟಿದ ಮೇಲೆ ಮಹಡಿಯಲ್ಲಿ ನಾಟಕ ಬಂತು, ಕೆಳಗೆ ಬಿಯರ್ ಬಂತು, ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಚೆಕ್ ಅಕ್ಷರ ಕಲಿಸುವ ಶಾಲೆ ಬಂತು, ಮೂಲೆಯಲ್ಲಿ ಪುಸ್ತಕದ ಕಪಾಟು ಬಂತು.

ಮಿನೆಸೋಟಾದ ಸೇಂಟ್ ಪಾಲ್ ನಗರದಲ್ಲಿ 1887ರಲ್ಲಿ ಕಟ್ಟಿದ ಸಿ.ಎಸ್.ಪಿ.ಎಸ್. ಭವನ ಇಂದಿಗೂ ನಿಂತಿದೆ. 1893ರ ಬೇಸಿಗೆಯನ್ನು ಅಯೋವಾದ ಸ್ಪಿಲ್‌ವಿಲ್ ಎಂಬ ಚೆಕ್ ಹಳ್ಳಿಯಲ್ಲಿ ಕಳೆದ ಸಂಗೀತಗಾರ ಆಂಟೊನಿನ್ ದ್ವೊರ್ಜಾಕ್, ಆ ಸೆಪ್ಟೆಂಬರಿನಲ್ಲಿ ಸೇಂಟ್ ಪಾಲ್‌ಗೆ ಬಂದಾಗ ಅಲ್ಲಿನ ಚೆಕ್ಕರು ಸತ್ಕಾರ ಮಾಡಿದ್ದು ಈ ಭವನದಲ್ಲೇ. ಜಗತ್ಪ್ರಸಿದ್ಧನಾದವನು ತಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದನಲ್ಲ ಎಂದು ಆ ದರ್ಜಿಗಳು, ಬಡಗಿಗಳು ಎಷ್ಟು ಹಿಗ್ಗಿರಬೇಡ! ಮಧ್ಯ ಅಮೆರಿಕದ ಹಲವು ಚೆಕ್ ಭವನಗಳಲ್ಲಿ ನಾಟಕದ ಪರದೆಯ ಮೇಲೆ ಪ್ರಾಗ್ ಕೋಟೆಯ ಚಿತ್ರ. ಚಿತ್ರದ ಸುತ್ತ ಚೌಕ ಚೌಕವಾಗಿ ಊರಿನ ಕಟುಕ, ದಿನಸಿ ಅಂಗಡಿ, ಕುದುರೆ ಲಾಯದವರ ಜಾಹೀರಾತು. ನಮ್ಮ ಕಂಪನಿ ನಾಟಕಗಳ ಬಣ್ಣದ ಪರದೆ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಕಟ್ಟುವ ಫ್ಲೆಕ್ಸಿನಲ್ಲೂ ನಡುವೆ ಭುವನೇಶ್ವರಿ, ಕೆಳಗೆ ಸಾಲಾಗಿ ಪ್ರಾಯೋಜಕರು ತಾನೆ?

ನ್ಯೂಯಾರ್ಕಿನ ಕತೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಚೆಕ್ಕರಲ್ಲಿ ಬಹಳ ಮಂದಿ ಬಾಡಿಗೆ ಕೋಣೆಗಳಲ್ಲೇ ಸಂಸಾರ ಸಮೇತ ಕುಳಿತು ಸಿಗಾರು ಸುರುಟುತ್ತಿದ್ದವರು. ಜೇಕಬ್ ರೀಸ್ ಎಂಬ ಪತ್ರಕರ್ತ 1890ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇವರ ಬಾಳಿಗೆಂದೇ ಒಂದು ಅಧ್ಯಾಯ ಬರೆದ. ಬೀಡಿ ಕಟ್ಟಿದ ಕಾಸಿನಲ್ಲಿ ಮಕ್ಕಳನ್ನು ಓದಿಸಿದ ಕರಾವಳಿಯ ತಾಯಂದಿರನ್ನು ಬಲ್ಲವರಿಗೆ ಆ ಅಧ್ಯಾಯ ಓದುವಾಗ ಹೊಗೆಸೊಪ್ಪಿನ ವಾಸನೆ ಮೂಗಿಗೆ ಹೊಡೆಯದೆ ಇರದು. ಈ ಜನ ಸೇರಿ 1890ರ ದಶಕದ ನಡುವಿನಲ್ಲಿ ಎಪ್ಪತ್ತಮೂರನೇ ಬೀದಿಯಲ್ಲಿ ಐದು ಅಂತಸ್ತಿನ ಬೊಹಿಮಿಯನ್ ನ್ಯಾಷನಲ್ ಹಾಲ್ ಎಬ್ಬಿಸಿದರು. ಅದರ ಒಡೆತನದ ಸಂಸ್ಥೆಯ ಹೆಸರನ್ನು ಕನ್ನಡಿಸಿದರೆ ಬೊಹಿಮಿಯನ್ ಪರೋಪಕಾರಿ ಮತ್ತು ಸಾಹಿತ್ಯ ಸಂಘ. ಪರೋಪಕಾರಿ ಎಂಬುದು ಮೊದಲು, ಸಾಹಿತ್ಯ ಆಮೇಲೆ ಬಂದಿರುವುದನ್ನು ಗಮನಿಸಿ.

ಇಂಥ ಮನೆಗಳಲ್ಲಿ ಬರೀ ಹಾಡು ಕುಣಿತವೇ ನಡೆಯಲಿಲ್ಲ. ಕ್ಲೀವ್‌ಲೆಂಡಿನ ಬೊಹಿಮಿಯನ್ ನ್ಯಾಷನಲ್ ಹಾಲ್‌ನಲ್ಲಿ 1915ರ ಅಕ್ಟೋಬರಿನಲ್ಲಿ ಅಮೆರಿಕದ ಚೆಕ್ಕರೂ ಸ್ಲೋವಾಕರೂ ಕೂಡಿ, ತಮ್ಮಿಬ್ಬರಿಗೂ ಸೇರಿ ಒಂದು ಸ್ವತಂತ್ರ ಒಕ್ಕೂಟ ಬೇಕೆಂದು ಒಪ್ಪಂದ ಬರೆದರು. ಅದೇ ವರ್ಷ ಆಸ್ಟ್ರಿಯಾ ಸರಕಾರ ಸೊಕೊಲ್ ಮೇಲೆ ನಿಷೇಧ ಹೇರಿತ್ತು. ಮೂರೇ ವರ್ಷಕ್ಕೆ, 1918ರ ಅಕ್ಟೋಬರ್ 28ರಂದು, ಚೆಕೊಸ್ಲೊವಾಕಿಯಾ ಹುಟ್ಟಿತು. ಅದೇ 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಅದಕ್ಕೂ ಕಾಲು ಶತಮಾನ ಮೊದಲು, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ. ಮುಂಬಯಿ ಪ್ರಾಂತದ ಆಡಳಿತದಡಿ, ಮರಾಠಿಯ ನೆರಳಿನಲ್ಲಿ, ರಾ.ಹ. ದೇಶಪಾಂಡೆಯವರು ಆ ಸಂಘ ಕಟ್ಟಿದ್ದಕ್ಕೂ, ಜರ್ಮನ್ ನೆರಳಿನಲ್ಲಿ ಗಿಡುಗದ ಮನೆ ಎದ್ದದ್ದಕ್ಕೂ ಇರುವ ಹೋಲಿಕೆ ಆಕಸ್ಮಿಕವೆಂದು ನಮಗನ್ನಿಸುವುದಿಲ್ಲ. ವ್ಯತ್ಯಾಸವೆಂದರೆ, ಧಾರವಾಡದವರು ತಮ್ಮ ಊರಿನಲ್ಲೇ ಪರಕೀಯರಾಗಿದ್ದರು.

ಕನ್ನಡಿಗರು ಹೊರನಾಡಿನಲ್ಲಿ ಕಟ್ಟಿದ ಮನೆಯ ಮಾತಿಗೆ ಬಂದರೆ ಮುಂಬಯಿಯನ್ನೇ ಹೇಳಬೇಕು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮರುವರ್ಷ ಬಂಟರ ಸಂಘ, ಆಮೇಲೆ ಬಿಲ್ಲವರ ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಅದರ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಇಲ್ಲಿಯೂ ಚೆಕ್ಕರ ಕ್ರಮವೇ: ಮೊದಲು ಹೊಟ್ಟೆ, ಆಮೇಲೆ ಅಕ್ಷರ, ಆಮೇಲೆ ಅಂಕ. ಹಗಲಿಡೀ ಹೋಟೆಲಿನಲ್ಲಿ ತಟ್ಟೆ ಎತ್ತಿದ ಹುಡುಗರಿಗೆ ರಾತ್ರಿ ಕನ್ನಡ ಶಾಲೆಗಳಿದ್ದವು. ಆ ರಾತ್ರಿ ಶಾಲೆಗಳ ಮಂಕು ದೀಪದಡಿ ಕುಳಿತು ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ, ಕಾಲೇಜಿಗೆ, ಕೋರ್ಟಿಗೆ ಹೋದವರ ಸಂಖ್ಯೆ ಕಡಿಮೆಯಲ್ಲ. ಮಳೆಗಾಲಕ್ಕೆ ಮುನ್ನ, ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರು ಮುಂಬಯಿಗೆ ಹೊರಡುತ್ತಿದ್ದರು. ಊರಿನಲ್ಲಿ ಬಯಲಾಟಕ್ಕೆ ಬಯಲೇ ನೀರಾಗಿರುವಾಗ ಅಲ್ಲಿ ಭವನಗಳಿದ್ದವು, ಪ್ರೇಕ್ಷಕರಿದ್ದರು. ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲರಂಥವರು ಮುಂಬಯಿಯಲ್ಲಿ ಕುಳಿತು ಕನ್ನಡ ಕಾದಂಬರಿಗೆ ಮಹಾನಗರವನ್ನು ತಂದುಕೊಟ್ಟದ್ದು ಅವರವರ ಪ್ರತಿಭೆಯಿಂದ, ನಿಜ. ಆದರೆ ಬರೆದದ್ದನ್ನು ಓದಿ ಜಗಳವಾಡಲು ನಾಲ್ಕು ಜನ ಸೇರುವ ಜಾಗ ಒಂದಿತ್ತು ಎಂಬುದೂ ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಅಮೆರಿಕ 1921 ಮತ್ತು 1924ರಲ್ಲಿ ವಲಸೆಗೆ ಮಿತಿ ಹಾಕಿತು. ಪ್ರಾಗ್‌ನಿಂದ ಹೊಸ ನೀರು ಬರುವುದು ನಿಂತಿತು. ಮೊಮ್ಮಕ್ಕಳ ಕಾಲಕ್ಕೆ ಭವನದ ಸಭೆಯ ವರದಿ ಇಂಗ್ಲಿಷಿಗೆ ಬಂತು. ಪರದೆಯ ಮೇಲಿನ ಕೋಟೆ ಹಾಗೇ ಇತ್ತು. ಅದರ ಮುಂದೆ ಆಡುವ ಮಾತು ಬದಲಾಯಿತು. ನ್ಯೂಯಾರ್ಕಿನ ಆ ಐದಂತಸ್ತಿನ ಹಾಲು ಪಾಳು ಬಿದ್ದು, ದುರಸ್ತಿಗೆ ಕಾಸಿಲ್ಲದೆ, 2001ರಲ್ಲಿ ಚೆಕ್ ಸರಕಾರಕ್ಕೆ ಒಂದೇ ಒಂದು ಡಾಲರಿಗೆ ಮಾರಾಟವಾಯಿತು. ಸರಕಾರ ದುರಸ್ತಿ ಮಾಡಿಸಿ 2008ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದೇ 2008ರ ಜೂನ್‌ನಲ್ಲಿ ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ನದಿ ಉಕ್ಕಿ ಚೆಕ್ ಕೇರಿಗೆ ನುಗ್ಗಿ, ಅಲ್ಲಿದ್ದ ಚೆಕ್ ಮತ್ತು ಸ್ಲೋವಾಕ್ ವಸ್ತುಸಂಗ್ರಹಾಲಯವನ್ನು ಮುಳುಗಿಸಿತು. ಅವರು ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಎತ್ತರದ ಜಾಗಕ್ಕೆ ಸಾಗಿಸಿದರು! 2012ರಲ್ಲಿ ಅದು ಮತ್ತೆ ತೆರೆಯಿತು. ಭಾಷೆ ಬಿಟ್ಟುಹೋದ ಮೇಲೂ ಭವನವನ್ನು ಬಿಡದ ಜನ.

ಮುಂಬಯಿಯಲ್ಲೂ ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಭವನಗಳು ಇವೆ.

ಹಾಗಾದರೆ ಕೊಲ್ಲಿಯಲ್ಲಿ? ಇಲ್ಲಿ ಲೆಕ್ಕ ತಿರುಗುಮುರುಗು. ಸೂಕ್ ವಾಕಿಫ್ ಅಂದರೆ ನಿಂತ ಸಂತೆ. ಮುಶೈರಿಬ್ ಕಣಿವೆಯ ಅಂಚಿನಲ್ಲಿ, ಸಮುದ್ರದ ನೀರು ಹತ್ತಿರದವರೆಗೆ ಬರುತ್ತಿದ್ದ ಇಕ್ಕಟ್ಟಿನ ಜಾಗದಲ್ಲಿ, ವ್ಯಾಪಾರಿಗಳು ಕೂರಲು ನೆಲೆಯಿಲ್ಲದೆ ನಿಂತೇ ಮಾರುತ್ತಿದ್ದರಂತೆ. ಮರಳುಗಾಡಿನ ಬದುವಿನ್ ಜನ ಕುರಿ, ಉಣ್ಣೆ, ಬೆಣ್ಣೆ ತಂದು ಅಕ್ಕಿ, ಖರ್ಜೂರ ಒಯ್ಯುತ್ತಿದ್ದರು. ಆ ಅಕ್ಕಿ ಬರುತ್ತಿದ್ದದ್ದು ನಮ್ಮ ಕಡೆಯಿಂದ. ಕೊಲ್ಲಿಯ ಮುತ್ತು ಹೋಗುತ್ತಿದ್ದದ್ದು ಮುಂಬಯಿಗೆ. ಜಪಾನಿನ ಸಾಕು ಮುತ್ತೂ ಜಗತ್ತಿನ ಆರ್ಥಿಕ ಕುಸಿತವೂ ಸೇರಿ 1930ರ ದಶಕದಲ್ಲಿ ಮುತ್ತಿನ ವ್ಯಾಪಾರವನ್ನು ಮುಳುಗಿಸಿದವು. ಆದರೂ 1966ರವರೆಗೆ ಈ ಸಂತೆಯಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದಾಗ ಕತಾರ್ ಅದನ್ನು ಬಿಟ್ಟು ರಿಯಾಲಿಗೆ ಬಂತು. 2024ರ ಬೇಸಿಗೆಯಲ್ಲಿ ಇದೇ ಸೂಕ್‌ನ ಅಂಗಳದಲ್ಲಿ ಭಾರತದ ಮಾವಿನ ಮೇಳ ನಡೆದಾಗ ಅದರ ಹೆಸರು 'ಅಲ್ ಹಂಬಾ'. ಕೊಲ್ಲಿಯ ಅರಬ್ಬಿಯಲ್ಲಿ ಮಾವಿಗೆ ಹಂಬಾ. ನಮ್ಮ ಪಶ್ಚಿಮ ತೀರದ ಅಂಬಾ ಹಡಗು ಹತ್ತಿ ಬಂದು ಹಂಬಾ ಆಯಿತು. 'ಕಡಕ್' ಚಹಾ 'ಕರಕ್' ಆದಂತೆ.

ಈಗ ನಾವು ಕಾಣುವ ಸೂಕ್ ಬಹುಮಟ್ಟಿಗೆ ಮತ್ತೆ ಕಟ್ಟಿದ್ದು. 2003ರಲ್ಲಿ ಬೆಂಕಿ ಬಿದ್ದು ಅದರ ದೊಡ್ಡ ಪಾಲು ಹೋಯಿತು. ಮೊಹಮ್ಮದ್ ಅಲಿ ಅಬ್ದುಲ್ಲಾ ಎಂಬ ಕತಾರಿ ಕಲಾವಿದರ ಮೇಲ್ವಿಚಾರಣೆಯಲ್ಲಿ 2004ರಿಂದ 2008ರವರೆಗೆ ಕೆಲಸ ನಡೆಯಿತು. ಹಳೆಯ ಚಿತ್ರಗಳನ್ನೂ ಹಿರಿಯರ ನೆನಪನ್ನೂ ಆಧಾರ ಮಾಡಿಕೊಂಡು, ಹೊಸ ಕಾಲದ ಕಾಂಕ್ರೀಟು, ತಗಡು ಕಿತ್ತು ಹಾಕಿ, ಮಣ್ಣಿನ ಗಾರೆ, ಮರದ ತೊಲೆ, ಹೆಣೆದ ಚಾಪೆಯ ಚಾವಣಿ ತಂದರು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಬ್ಯಾಕಪ್ ಇಲ್ಲದ ಕಡೆ ನೆನಪಿನಿಂದ ರಿಸ್ಟೋರ್ ಮಾಡಿದ್ದು. 2010ರಲ್ಲಿ ಅದು ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಕೊನೆಯ ಪಟ್ಟಿಯವರೆಗೂ ಹೋಯಿತು. ಮರೂನ್ ಅಂಗಿತೊಟ್ಟು ಕೈಗಾಡಿ ತಳ್ಳುವ ಮುದುಕರು ಮಾತ್ರ ಯಾರೂ ಮತ್ತೆ ಕಟ್ಟದೆ ಉಳಿದುಬಂದವರು.

ಇಂಥ ಊರಿನಲ್ಲಿ ಕನ್ನಡಿಗರು ಭವನ ಕಟ್ಟಲಿಲ್ಲ. ಕಟ್ಟುವಂತೆಯೂ ಇಲ್ಲ. ನಾವಿಲ್ಲಿ ಕೆಲಸವಿರುವಷ್ಟು ದಿನದವರು. ವೀಸಾ ಮುಗಿದರೆ ಹೊರಟವರು. ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ ಇಂಡಿಯನ್ ಕಲ್ಚರಲ್ ಸೆಂಟರ್ ಇದೆ, ಅದರಲ್ಲಿ ಅಶೋಕಾ ಹಾಲ್ ಇದೆ. ಕರ್ನಾಟಕ ಸಂಘ, ತುಳು ಕೂಟ ಮತ್ತು ಇನ್ನೂ ಹಲವು ಸಂಘಗಳು ಸರದಿಯಲ್ಲಿ ಬಳಸುವ ಜಾಗ. ಮಲಯಾಳಿಗಳ ಓಣಂ ತೋರಣ ಬಿಚ್ಚಿದ ಮೊಳೆಗೇ ನಮ್ಮ ರಾಜ್ಯೋತ್ಸವದ ತೋರಣ. ಇದರಲ್ಲಿ ಒಂದು ಚೆಂದವಿದೆ, ಅಲ್ಲಗಳೆಯುವುದಿಲ್ಲ. ಜಾಗ ದೊಡ್ಡದು ಬೇಕಾದಾಗ ಎಲ್ಲೆಲ್ಲಿಯೋ ಬಾಡಿಗೆಗೆ ಹಿಡಿದದ್ದೂ ಇದೆ. ಕನ್ನಡ ರಾಜ್ಯೋತ್ಸವ ಇಲ್ಲಿ ನವೆಂಬರ್ ಒಂದಕ್ಕೆ ಬರುವುದು ಅಪರೂಪ. ಹಾಲು ಸಿಕ್ಕ ಶುಕ್ರವಾರಕ್ಕೆ ಬರುತ್ತದೆ.

ಬಾಡಿಗೆಯ ಗಡಿಯಾರ ಕಲೆಯ ಅಂಗಾಂಗವನ್ನೂ ಕತ್ತರಿಸುತ್ತದೆ. ಊರಿನಲ್ಲಿ ರಾತ್ರಿಯಿಡೀ ನಡೆಯುವ ಆಟ ಇಲ್ಲಿ ಮೂರು ಗಂಟೆ. (ಕಾಲಮಿತಿ ಯಕ್ಷಗಾನ ಊರಲ್ಲೂ ಬಂದಿದೆ ಎಂದು ಯಾರೋ ಹೇಳಿಯಾರು, ಅಲ್ಲಿ ಅದು ಆಯ್ಕೆ, ಇಲ್ಲಿ ಕರಾರು.) ಒಮ್ಮೆ ನಾವು 'ಅಭಿಮನ್ಯು ಕಾಳಗ' ಆಡಿಸಿದೆವು. ಸಭಾಂಗಣದ ಹೊರಗಿನ ಓಣಿಯೇ ಚೌಕಿ. ಗಣ್ಯರ ಭಾಷಣ ಉದ್ದವಾಯಿತು. ಆಟ ಶುರುವಾದದ್ದು ತಡವಾಗಿ, ಚೆಂಡೆ ಏರಿದ್ದು ಇನ್ನೂ ತಡವಾಗಿ. ಅಭಿಮನ್ಯು ಚಕ್ರವ್ಯೂಹದೊಳಕ್ಕೆ ಕಾಲಿಡುವ ಹೊತ್ತಿಗೆ ಕಾವಲುಗಾರ ಬಂದು ಕೈಗಡಿಯಾರ ತಟ್ಟಿ ತೋರಿಸಿದ. ಹೊರಬರುವ ದಾರಿ ಅಭಿಮನ್ಯುವಿಗೂ ತಿಳಿದಿರಲಿಲ್ಲ, ನಮಗೂ. ಭಾಗವತರು ಎರಡೇ ಪದದಲ್ಲಿ ಅವನನ್ನು ವೀರಸ್ವರ್ಗಕ್ಕೆ ಕಳಿಸಿ ಮಂಗಳ ಹಾಡಿದರು. ಆ ರಾತ್ರಿಯ ಕ್ಯಾಸೆಟ್ಟೂ ಆ ಪೆಟ್ಟಿಗೆಯಲ್ಲಿದೆ.

ಆದರೆ ಇದನ್ನೂ ನೋಡಿ: ಇಲ್ಲಿನ ನಮ್ಮ ಮಕ್ಕಳು ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಮಾತಾಡುತ್ತಾರೆ. ಅಮೆರಿಕದ ಬಂಧುಗಳ ಮಕ್ಕಳಿಗಿಂತ ಚೆನ್ನಾಗಿ ಎಂದೇ ನಮ್ಮ ಅನಿಸಿಕೆ (ಸಿಟ್ಟಾಗಬೇಡಿ). ನಮ್ಮ ದೊಡ್ಡಸ್ತಿಕೆಯೇನಿಲ್ಲ ಇದರಲ್ಲಿ. ಮರಳಿ ಹೋಗಲೇಬೇಕು ಎಂಬುದು ಮೊದಲ ದಿನದಿಂದ ಗೊತ್ತಿರುವ ಮನೆಯಲ್ಲಿ ಭಾಷೆ ತಾನಾಗಿ ಉಳಿಯುತ್ತದೆ. ಚೆಕ್ಕರಿಗೆ ಮನೆ ಉಳಿಯಿತು, ಮಾತು ಹೋಯಿತು. ನಮಗೆ ಮಾತು ಉಳಿದಿದೆ, ಆಡಿದ್ದರ ಗುರುತು ಉಳಿಯುತ್ತಿಲ್ಲ. ಒಬ್ಬರು ಊರಿಗೆ ಹೊರಟರೆ ಅವರ ಜೊತೆ ಇಪ್ಪತ್ತು ವರ್ಷದ ಕಾರ್ಯಕ್ರಮಗಳೂ ಹೊರಡುತ್ತವೆ. ದೋಹಾದಲ್ಲಿ ಮೊದಲ ಕನ್ನಡ ನಾಟಕ ಆಡಿದವರು ಯಾರು, ಯಾವ ಶಾಲೆಯ ಅಂಗಳದಲ್ಲಿ, ಪರದೆ ಎಳೆದವರು ಯಾರು? ಬಲ್ಲವರು ಮಂಗಳೂರಲ್ಲೋ ಉಡುಪಿಯಲ್ಲೋ ಯಾವುದೋ ಫ್ಲಾಟಿನ ಬಾಲ್ಕನಿಯಲ್ಲಿ ಕುಳಿತಿದ್ದಾರೆ. ನಾವು ಕೇಳಿಲ್ಲ.

ಮತ್ತೆ ಸೂಕ್‌ನ ಚಹಾದ ಮೇಜಿಗೆ. ಪುಸ್ತಕಗಳನ್ನೆಲ್ಲ ಊರಿನ ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟುಬಿಡಿ ಎಂದು ಒಬ್ಬರು ಹೇಳಿದರು. ಕಾರಂತರೂ ತೇಜಸ್ವಿಯೂ ಅಲ್ಲಿ ಇಲ್ಲವೆಂದೇ? ಇರಬೇಕಾದದ್ದು ಇಲ್ಲಿ ಎಂದು ಇನ್ನೊಬ್ಬರು. ಎಲ್ಲ ಸ್ಕ್ಯಾನ್ ಮಾಡಿ ಇಟ್ಟರಾಯಿತು ಎಂದವರು, ನಾಚಿಕೆಯಿಂದ ಹೇಳುತ್ತೇವೆ, ನಾವೇ. ಐದು ವರ್ಷದ ಹಿಂದೆಯೂ ನಾವೇ ಇದನ್ನು ಹೇಳಿದ್ದೆವು ಎಂದು ಹೊರಟು ನಿಂತವರ ಮನೆಯಾಕೆ ನೆನಪಿಸಿದರು. ಸಿ.ಎಸ್.ಪಿ.ಎಸ್. ಕತೆ ಹೇಳಿದೆವು. ತಿಂಗಳಿಗೆ ತಲೆಗೆ ಹತ್ತು ರಿಯಾಲ್ ಹಾಕಿ ಒಂದು ಸಣ್ಣ ಗೋದಾಮಿನ ಮೂಲೆ ಹಿಡಿಯೋಣ ಎಂಬ ಸಲಹೆ ಬಂತು. ಲೆಕ್ಕ ಹಾಕಿದರು. ಬೇಸಿಗೆಯಲ್ಲಿ ಎಸಿ ಇಲ್ಲದ ಗೋದಾಮಿನಲ್ಲಿ ಕಾಗದ ಏನಾಗುತ್ತದೆಂದು ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್ ವಿವರಿಸಿದ ಮೇಲೆ ಆ ಸಲಹೆಯೂ ಬಿತ್ತು.

ಕೊನೆಗೆ ಆದ ತೀರ್ಮಾನ ಇಷ್ಟು. ಪೆಟ್ಟಿಗೆಗೊಬ್ಬರು ಮನೆಯಲ್ಲಿ ಇಟ್ಟುಕೊಳ್ಳುವುದು. ಯಾರ ಮನೆಯಲ್ಲಿ ಯಾವುದಿದೆ ಎಂಬ ಪಟ್ಟಿಯನ್ನು ಈ ಪತ್ರದ ಜೊತೆ ಪ್ರತಿ ತಿಂಗಳು ಕಳಿಸುವುದು. ಊರಿಗೆ ಹೊರಡುವವರು ಮೂರು ತಿಂಗಳು ಮೊದಲು ತಿಳಿಸಿ, ತಮ್ಮ ಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಒಂದು ಸಂಜೆ ಕುಳಿತು ತಮಗೆ ನೆನಪಿರುವ ಕಾರ್ಯಕ್ರಮಗಳನ್ನು ಹೇಳಿ ಬರೆಸಿ ಹೋಗುವುದು. ಮೊದಲ ಸರದಿ ಈಗ ಹೊರಟಿರುವ ದಂಪತಿಗಳದ್ದು. ಬರುವ ಶುಕ್ರವಾರ ಮಗ್ರಿಬ್ ಬಾಂಗ್ ಆದ ಮೇಲೆ, ಗಿಡುಗದ ಸಂತೆಯ ಎದುರಿನ ಚಹಾದ ಅಂಗಡಿಯಲ್ಲಿ. ಪೆನ್ನು, ಪುಸ್ತಕ ತನ್ನಿ. ಅವರು ವೇಗವಾಗಿ ಮಾತಾಡುತ್ತಾರೆ. ಪುಸ್ತಕದ ಐದು ಪೆಟ್ಟಿಗೆಗಳಿಗೂ ಮನೆ ಸಿಕ್ಕಿದೆ. ಕ್ಯಾಸೆಟ್ಟಿನ ಪೆಟ್ಟಿಗೆಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.